ಎಮ್ಮೆದೊಡ್ಡಿಯ ಹುಲಿ ಮತ್ತು ಹರೆಯದ ಓದು

ಮಕ್ಕಳ ಸಾಹಿತ್ಯಕ್ಕೂ ಪ್ರೌಢ ಕಾದಂಬರಿಗೂ ನಡುವೆ, ಹದಿಹರೆಯದವರಿಗೆಂದೇ ಮೀಸಲಾದ ಕಥನಪರಂಪರೆಯೊಂದು ಕನ್ನಡದಲ್ಲಿ ಗಟ್ಟಿಯಾಗಿ ನೆಲೆಗೊಂಡಿಲ್ಲ. ಆ ವಯಸ್ಸಿನ ಓದುಗರು ತಮಗಾಗಿ ಬರೆಯದ ಕೃತಿಗಳನ್ನೇ ತಮ್ಮದಾಗಿಸಿಕೊಂಡಿದ್ದಾರೆ. ಕೆನೆತ್ ಆಂಡರ್ಸನ್‌ನ (1910–1974) ಬೇಟೆಯ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರು (1938–2007) ಕನ್ನಡಕ್ಕೆ ತಂದ ‘ಕಾಡಿನ ಕಥೆಗಳು’ ಮಾಲೆ ಇದಕ್ಕೆ ಮುಖ್ಯ ನಿದರ್ಶನ.

ಆಂಡರ್ಸನ್ 1954ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಸಂಕಲನದಲ್ಲಿ ಎಮ್ಮೆದೊಡ್ಡಿಯ ನರಭಕ್ಷಕನ ಕಥೆಯಿದೆ. ಎಮ್ಮೆದೊಡ್ಡಿ ಕಡೂರು ತಾಲ್ಲೂಕಿನ ಊರು. ಹೆಸರೇ ದನಗಾಹಿ ಬದುಕನ್ನು ಸೂಚಿಸುತ್ತದೆ. ಒಂದೆಡೆ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಕಾಡು, ಮತ್ತೊಂದೆಡೆ ಅಮೃತಮಹಲ್ ರಾಸುಗಳಿಗೆ ಹೆಸರಾದ ಅಜ್ಜಂಪುರ: ಇದು ಕಾಡೂ ಕಾವಲೂ ಕೂಡುವ ಸೀಮೆ. ಇಲ್ಲಿ ಹುಲಿ ಕೇವಲ ಅದ್ಭುತವಲ್ಲ, ಕೊಟ್ಟಿಗೆಗೆ ಒದಗುವ ನಷ್ಟವೂ ಹೌದು. ಬಸ್ಸಿನ ಫಲಕದಲ್ಲಿ ಕಾಣುವ ಹೆಸರೇ ಪುಸ್ತಕದಲ್ಲಿ ಎದುರಾದಾಗ ಎಳೆಯ ಓದುಗನಿಗೆ ತನ್ನ ಊರೂ ಕಥೆಗೆ ತಕ್ಕ ನೆಲವೆಂಬ ಅರಿವು ಮೂಡುತ್ತದೆ.

ಈ ಬಗೆಯ ಕಥನದ ಆಕರ್ಷಣೆಯನ್ನು ರೋಮಾಂಚನವೊಂದಕ್ಕೇ ಸೀಮಿತಗೊಳಿಸುವುದು ಸರಿಯಲ್ಲ. ಹೆಜ್ಜೆಗುರುತು, ಹಕ್ಕಿಯ ಕೂಗು, ಅರ್ಧ ತಿಂದ ಬೇಟೆ — ಪ್ರತಿಯೊಂದೂ ಓದುಗನೂ ಬಿಡಿಸಬೇಕಾದ ಒಗಟು. ಬೇಟೆಗಾರ ತಪ್ಪುತ್ತಾನೆ, ಕಾಯುತ್ತಾನೆ, ಹೆದರಿದುದನ್ನು ಒಪ್ಪಿಕೊಳ್ಳುತ್ತಾನೆ. ಇಲ್ಲಿ ಉಪದೇಶವಿಲ್ಲ, ಓದುಗನನ್ನು ಸಮಾನನೆಂದು ಕಾಣುವ ಗೌರವವಿದೆ. ‘ಕರ್ವಾಲೊ’ (1980) ಕಾದಂಬರಿಯಲ್ಲೂ ಇದೇ ಗುಣವುಂಟು. ಊರು ಕೆಲಸಕ್ಕೆ ಬಾರದವನೆಂದೆಣಿಸುವ ಮಂದಣ್ಣನ ಕಾಡಿನ ಅರಿವಿಗೆ ವಿಜ್ಞಾನಿ ಕಿವಿಗೊಡುತ್ತಾನೆ. ಹಿರಿಯರಿಂದ ಸದಾ ‘ನಿನಗೇನು ಗೊತ್ತು’ ಎನ್ನಿಸಿಕೊಳ್ಳುವ ವಯಸ್ಸಿಗೆ ಇದಕ್ಕಿಂತ ದೊಡ್ಡ ಭರವಸೆ ಬೇರಿಲ್ಲ.

ಮಿತಿಗಳೂ ಇವೆ. ಬೇಟೆಯ ಕಥನದಲ್ಲಿ ಕೋವಿ ಹೊರಗಿನವನ ಕೈಯಲ್ಲಿರುತ್ತದೆ. ದನಗಾಹಿ ಬಹುಮಟ್ಟಿಗೆ ದಾರಿ ತೋರುವವನಾಗಿಯೇ ಉಳಿಯುತ್ತಾನೆ. ಹುಡುಗಿಯರಿಗೆ ಅಲ್ಲಿ ಎಡೆ ಕಡಿಮೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ಯುಗಕ್ಕೆ ತೆರೆ ಎಳೆಯಿತು. 1998ರಲ್ಲಿ ಭದ್ರಾ ಅರಣ್ಯ ಹುಲಿ ಯೋಜನೆಗೆ ಸೇರಿತು. ಆದರೂ ಈ ಪುಸ್ತಕಗಳ ಓದು ನಿಂತಿಲ್ಲ. ಸೆಳೆತವಿದ್ದುದು ಕೋವಿಯಲ್ಲಲ್ಲ, ಅರಿಯುವ ಹಂಬಲದಲ್ಲಿ ಎಂಬುದು ಇದರಿಂದ ಸ್ಪಷ್ಟ.

ಗ್ರಂಥಾಲಯಗಳು ಇಂಥ ಕೃತಿಗಳನ್ನು ‘ಅನುವಾದ’, ‘ಪರಿಸರ’ ಎಂದು ವಿಂಗಡಿಸಿ ಬಿಟ್ಟರೆ ಹರೆಯದ ಓದಿನ ಚರಿತ್ರೆಯೇ ಮರೆಯಾಗುತ್ತದೆ. ಸಂಶೋಧನೆ ಗಮನಿಸಬೇಕಾದುದು ಹಣೆಪಟ್ಟಿಯನ್ನಲ್ಲ, ಕೈಯಿಂದ ಕೈಗೆ ದಾಟಿ ಸವೆದ ಪ್ರತಿಗಳನ್ನು.