ಗಾಡಿಗೆ ಒಪ್ಪುವ ಇಂಜಿನ್

ಹಳೆಯ ಮಹೀಂದ್ರಾ ಎಫ್‌ಸಿ-150 ಪಿಕಪ್‌ಗೆ ಮೂತಿಯೇ ಇಲ್ಲ. ಇಂಜಿನ್ ಇರುವುದು ಡ್ರೈವರ್ ಮಗ್ಗುಲಲ್ಲಿ, ಎರಡು ಸೀಟುಗಳ ನಡುವಿನ ಪೆಟ್ಟಿಗೆಯೊಳಗೆ. ಅದರ ಮೂಲ 2.2 ಲೀಟರ್ ಹರಿಕೇನ್ ಪೆಟ್ರೋಲ್ ಇಂಜಿನ್ ತೀರಾ ಸವೆದರೆ ಬದಲಿ ಆರಿಸುವುದು ದೊಡ್ಡ ಕಸುಬು. ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯಲ್ಲಿ ಆ ಕಸುಬು ಬಲ್ಲ ಮಿಸ್ತ್ರಿಗಳೆಂದರೆ ನನಗೆ ಬಲು ಗೌರವ.

ಒಳ್ಳೆಯ ಮಿಸ್ತ್ರಿ ಮೊದಲು ಟೇಪು ಹಿಡಿಯುತ್ತಾರೆ. ಪೆಟ್ಟಿಗೆಯ ಮುಚ್ಚಳ ಕೂರಬೇಕು, ಸಂಪ್ ಮುಂದಿನ ಆಕ್ಸಲ್‌ಗೆ ತಾಗಬಾರದು, ಬೆಲ್ ಹೌಸಿಂಗ್ ಗೇರ್‌ಬಾಕ್ಸ್‌ಗೆ ಕೂದಲೆಳೆಯಷ್ಟೂ ಓರೆಯಾಗದೆ ಸೇರಬೇಕು. ಮಹೀಂದ್ರಾ ಜೀಪುಗಳಲ್ಲೇ ದುಡಿದ 2112 ಸಿಸಿ ಪೂಜೋ ಡೀಸೆಲ್ ಹತ್ತಿರದ ನೆಂಟ. ಟೆಂಪೊ ಟ್ರ್ಯಾಕ್ಸ್‌ನ, ಮರ್ಸಿಡಿಸ್ ಮೂಲದ 2.4 ಲೀಟರ್ ಓಎಂ 616 ಬಾಳಿಕೆಗೆ ಹೆಸರಾದದ್ದು. ಡೀಸೆಲ್ ಹಾಕಿದರೆ ನಡುಕ ತಡೆಯುವ ರಬ್ಬರ್ ಮೌಂಟಿಂಗ್ ಬೇಕು. ತಗ್ಗಿದ ಆರ್‌ಪಿಎಂಗೆ ಡಿಫರೆನ್ಷಿಯಲ್ ಅನುಪಾತವೂ ಹೊಂದಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೀಮೆಯಿದು. ರೇಡಿಯೇಟರ್‌ನಲ್ಲಿ ಜಿಪುಣತನ ಸಲ್ಲದು.

ಕೊನೆಗೆ ಕಾಗದ. ಸೊಲ್ಲಾಪುರದ ಎಂಎಚ್-13 ನೋಂದಣಿಯ ಗಾಡಿಯ ಆರ್‌ಸಿಯಲ್ಲಿ ಹೊಸ ಇಂಜಿನ್ ನಂಬರ್ ಏರಲು ಆರ್‌ಟಿಒ ಒಪ್ಪಿಗೆ ಬೇಕು. ಅಳತೆ, ಎಳೆತ, ಕಾನೂನು ಮೂರನ್ನೂ ಸರಿದೂಗಿಸುವ ಈ ವಿವೇಕವೇ ಹಳೆಯ ಗಾಡಿಯನ್ನು ಗುಜರಿಯಿಂದ ಉಳಿಸಿ ಮತ್ತೆ ದುಡಿಮೆಗೆ ಹಚ್ಚುತ್ತದೆ.