ಕಂಡಕ್ಟರನ ಮೆಟ್ಟಿಲು, ಡ್ರೈವರನ ಪ್ಯಾಂಟು

ಹಿಂದೆ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸಿನಲ್ಲಿ ಇಬ್ಬರು ನೌಕರರಿರುತ್ತಿದ್ದರು. ಡ್ರೈವರ್ ಪಾಳಿಯ ಬಹುಪಾಲು ಸೀಟು ಬಿಟ್ಟು ಏಳುತ್ತಿರಲಿಲ್ಲ. ಕಂಡಕ್ಟರ್ ಟಿಕೆಟ್ ಕೊಡುತ್ತ ಕೆಳಗೂ ಮೇಲೂ ಓಡಾಡಿ ದಿನಕ್ಕೆ ಸುಮಾರು 600 ಮೆಟ್ಟಿಲು ಹತ್ತುತ್ತಿದ್ದ. ಸಂಸ್ಥೆ ಒಂದೇ, ಬದುಕಿನ ಮಟ್ಟವೂ ಹೆಚ್ಚುಕಡಿಮೆ ಒಂದೇ. ಹೃದಯದ ಪಾಡು ಮಾತ್ರ ಬೇರೆ.

ವೈದ್ಯ ಜೆರ್ರಿ ಮಾರಿಸ್ ಮತ್ತು ಸಂಗಡಿಗರು ಸುಮಾರು 31,000 ಸಾರಿಗೆ ನೌಕರರ ದಾಖಲೆ ಜಾಲಾಡಿ 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಕಂಡಕ್ಟರರಿಗೆ ಹೃದಯಾಘಾತ ಕಡಿಮೆ, ಬಂದರೂ ತಡವಾಗಿ. ನಡೆದೋ ಸೈಕಲ್ ತುಳಿದೋ ಪತ್ರ ಹಂಚುವ ಅಂಚೆಯವರಿಗೂ ಕುಳಿತು ದುಡಿಯುವ ಗುಮಾಸ್ತರಿಗೂ ಇದೇ ಅಂತರ.

ಏದುಸಿರು ಬರಿಸುವ ದುಡಿಮೆಗೆ ಹೃದಯ ಪಳಗಿದರೆ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ನೂಕುತ್ತದೆ, ವಿಶ್ರಾಂತಿಯಲ್ಲಿ ನಿಧಾನವಾಗಿ ಬಡಿಯುತ್ತದೆ, ರಕ್ತದೊತ್ತಡವೂ ತಗ್ಗುತ್ತದೆ. ಇದು ಇಂದು ಎಲ್ಲರಿಗೂ ಗೊತ್ತು. ಆದರೆ ಈ ಸಂಶೋಧನೆಯನ್ನು ದೊಡ್ಡದಾಗಿಸುವುದು ಮಾರಿಸ್ ತಮ್ಮದೇ ಫಲಿತಾಂಶದ ಮೇಲಿಟ್ಟ ಅನುಮಾನ. ಮೊದಲೇ ದಪ್ಪಗಿರುವವರೇ ಡ್ರೈವರ್ ಕೆಲಸಕ್ಕೆ ಸೇರುತ್ತಿದ್ದರೆ? ಅವರು ಸಮವಸ್ತ್ರದ ಅಳತೆಪಟ್ಟಿ ತರಿಸಿಕೊಂಡರು. ಡ್ರೈವರರ ಪ್ಯಾಂಟಿನ ಸೊಂಟ ನಿಜವಾಗಿಯೂ ದೊಡ್ಡದಿತ್ತು, ಎಳೆಯರಲ್ಲೂ. 1956ರಲ್ಲಿ ಅದನ್ನೂ ಮುಚ್ಚಿಡದೆ ಅಚ್ಚು ಹಾಕಿಸಿದರು. ಸೊಂಟದ ಅಳತೆ ಸರಿಸಮ ಇದ್ದವರನ್ನು ಹೋಲಿಸಿದರೂ ಕಂಡಕ್ಟರರೇ ಸುರಕ್ಷಿತ. ತನ್ನ ವಾದವನ್ನು ಇಷ್ಟು ಪ್ರಾಮಾಣಿಕವಾಗಿ ಒರೆಗೆ ಹಚ್ಚುವ ವಿಜ್ಞಾನಿ ಅಪರೂಪ.

ಆಮೇಲೆ ಅವರು ಕುರ್ಚಿಯ ಕೆಲಸದವರತ್ತ ತಿರುಗಿದರು. ಸುಮಾರು 17,000 ಸರ್ಕಾರಿ ಅಧಿಕಾರಿಗಳಿಂದ ಸೋಮವಾರ ಬೆಳಿಗ್ಗೆ ಹಿಂದಿನ ಶುಕ್ರವಾರ, ಶನಿವಾರಗಳ ಲೆಕ್ಕವನ್ನು ಐದೈದು ನಿಮಿಷದಂತೆ ಬರೆಸಿಕೊಂಡರು. ಬಿಡುವಿನಲ್ಲಿ ಈಜು, ಅಗೆತದಂಥ ಬಿರುಸಿನ ಶ್ರಮ ಮಾಡುತ್ತಿದ್ದವರಿಗೆ ಹೃದ್ರೋಗದ ಅಪಾಯ ಉಳಿದವರ ಮೂರರಲ್ಲೊಂದು ಪಾಲಿನಷ್ಟು ಎಂದು 1973ರ ವರದಿ ಹೇಳಿತು.

ಕೊರತೆಗಳಿವೆ. ಇಲ್ಲಿ ಹೆಂಗಸರೇ ಇಲ್ಲ. ಎರಡು ದಿನದ ನೆನಪಿನಿಂದ ಇಡೀ ಬದುಕಿನ ರೂಢಿಯನ್ನು ಅಳೆಯುವುದೂ ತುಸು ಧೈರ್ಯದ ಮಾತು. ಬಿರುಸಿನ ವ್ಯಾಯಾಮಕ್ಕೇ ಫಲ ಎಂಬ ನಿಲುವು ನಂತರ ಸಡಿಲವಾಯಿತು; ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆದರೂ ಲಾಭವಿದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಇದಕ್ಕಿಂತ ಕಾಡುವ ಕೊರತೆ ಇನ್ನೊಂದು. ಕಂಡಕ್ಟರನ ವ್ಯಾಯಾಮ ಸಂಬಳದ ಜೊತೆಗೇ ಬರುತ್ತಿತ್ತು. ಅಧಿಕಾರಿಗಳಿಗೆ ತೋಟವಿತ್ತು, ಬಿಡುವಿನ ಶನಿವಾರವಿತ್ತು. 2005ರಲ್ಲಿ ರೂಟ್‌ಮಾಸ್ಟರ್ ಎಂಬ ಹಳೆಯ ಡಬಲ್ ಡೆಕ್ಕರ್ ಬಸ್ಸುಗಳು ಲಂಡನ್ನಿನ ನಿತ್ಯದ ಮಾರ್ಗಗಳಿಂದ ಹಿಂದೆ ಸರಿದಾಗ ಕಂಡಕ್ಟರನೂ ಬಹುಮಟ್ಟಿಗೆ ಮರೆಯಾದ. ಡ್ರೈವರ್ ಇನ್ನೂ ಕೂತೇ ಇದ್ದಾನೆ. ಪಾಳಿ ಮುಗಿಸಿ ಮನೆ ಸೇರುವ ಅವನಿಗೆ ಆ 150 ನಿಮಿಷ ಎಲ್ಲಿಂದ ಬರಬೇಕು ಎಂಬುದು ಈ ಅಧ್ಯಯನಗಳಲ್ಲಿ ಇಲ್ಲ.