ಖಾನ್ ಸಾಹೇಬರ ಒಂದು ಅನಾದೃತ ತಟ್ಟೆ

ಗ್ರಂಥಗಳ ವಿಷಯದಲ್ಲಿ ನಡೆಯುವಂತೆಯೇ ಗಾನದ ತಟ್ಟೆಗಳ ವಿಷಯದಲ್ಲಿಯೂ ನಡೆಯುತ್ತದೆ. ಕೆಲವನ್ನು ಎಲ್ಲರೂ ಕೇಳುತ್ತಾರೆ, ಎಲ್ಲರೂ ಕೊಂಡಾಡುತ್ತಾರೆ. ಕೆಲವು ಕಪಾಟಿನ ಮೂಲೆಯಲ್ಲಿ ಉಳಿದುಹೋಗುತ್ತವೆ. ಮೊದಲನೆಯವು ಯೋಗ್ಯತೆಯಿಂದ ಪ್ರಸಿದ್ಧವಾದವು, ಎರಡನೆಯವು ಅಯೋಗ್ಯತೆಯಿಂದ ಮೂಲೆಗೆ ಬಿದ್ದವು ಎಂದು ನಾವು ಸುಲಭವಾಗಿ ನಂಬಿಬಿಡುತ್ತೇವೆ. ಈ ನಂಬಿಕೆಯು ಅರ್ಧಸತ್ಯವೆಂಬುದನ್ನು ಒಂದು ನಿದರ್ಶನದಿಂದ ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ನಿದರ್ಶನವು ಉಸ್ತಾದ್ ಅಬ್ದುಲ್ ಕರೀಂ ಖಾನ್ ಸಾಹೇಬರ ತಟ್ಟೆಗಳದು. ಇದರಲ್ಲಿ ನನ್ನ ಸ್ವಂತದ ತಪ್ಪೊಂದು ಸೇರಿರುವುದರಿಂದ ವಿಮರ್ಶೆಯ ನಡುವೆ ತಪ್ಪೊಪ್ಪಿಗೆಯೂ ಬರುವುದನ್ನು ವಾಚಕ ಮಹಾಶಯರು ಕ್ಷಮಿಸಬೇಕು.

ಇಂದಿನ ತರುಣರಿಗೋಸ್ಕರ ತಟ್ಟೆಯ ಸ್ವರೂಪವನ್ನು ಮೊದಲು ಹೇಳತಕ್ಕದ್ದು. ಅರಗನ್ನು ಸೇರಿಸಿ ಮಾಡಿದ, ಹತ್ತು ಅಂಗುಲ ವ್ಯಾಸದ, ನಿಮಿಷಕ್ಕೆ 78 ಸುತ್ತು ತಿರುಗುವ ಆ ಕಪ್ಪು ಬಿಲ್ಲೆಯ ಒಂದೊಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಗಾನ ಮಾತ್ರ. ಸಭೆಯಲ್ಲಿ ಒಂದು ರಾಗವನ್ನು ಗಂಟೆಗಟ್ಟಲೆ ವಿಸ್ತರಿಸುತ್ತಿದ್ದ ವಿದ್ವಾಂಸನು ಆ ಮೂರು ನಿಮಿಷದೊಳಗೆ ತನ್ನ ವಿದ್ಯೆಯನ್ನು ಅಡಕಮಾಡಬೇಕಾಗಿತ್ತು. 1948ರಲ್ಲಿ ದೀರ್ಘಕಾಲದ ತಟ್ಟೆಯು ಅಮೆರಿಕೆಯಲ್ಲಿ ಹುಟ್ಟಿ, ಕ್ರಮೇಣ ನಮ್ಮಲ್ಲಿಗೂ ಬಂದ ಮೇಲೆ, ಹಳೆಯ ಕಿರುತಟ್ಟೆಗಳೆಂದರೆ ಏನೋ ಒಂದು ತುಣುಕು, ಕತ್ತರಿಸಿದ ಚೂರು ಎಂಬ ಭಾವನೆ ಬೆಳೆಯಿತು. ಈ ಭಾವನೆಯು ಸರಿಯಲ್ಲ. ನಮ್ಮ ಸಾಹಿತ್ಯದಲ್ಲಿ ಮಹಾಕಾವ್ಯವಿರುವಂತೆ ಮುಕ್ತಕವೂ ಇದೆ. ಅಮರುಕ ಕವಿಯ ಒಂದೊಂದು ಮುಕ್ತಕವೂ ಪ್ರಬಂಧದಂತೆ ರಸವನ್ನು ಸುರಿಸುತ್ತದೆಯೆಂಬ ಅಭಿಪ್ರಾಯವನ್ನು ಆನಂದವರ್ಧನನಂತಹ ಆಚಾರ್ಯನೇ ಧ್ವನ್ಯಾಲೋಕದಲ್ಲಿ ಕೊಟ್ಟಿದ್ದಾನೆ. ನಾಲ್ಕು ಸಾಲಿನ ಪದ್ಯವು ಮಹಾಕಾವ್ಯದಿಂದ ಹರಿದ ಹಾಳೆಯಲ್ಲವಷ್ಟೆ! ಮೂರು ನಿಮಿಷದ ತಟ್ಟೆಯನ್ನೂ ಹಾಗೆಯೇ ಸ್ವಯಂಪೂರ್ಣವಾದ ಕೃತಿಯೆಂದು ಭಾವಿಸಿ ಕೇಳಬೇಕು.

ಇನ್ನು ಗಾಯಕರ ವಿಚಾರ. ಖಾನ್ ಸಾಹೇಬರು 1872ರಲ್ಲಿ ಉತ್ತರ ಹಿಂದುಸ್ತಾನದ ಕೈರಾನಾದಲ್ಲಿ ಜನಿಸಿದರು. ಆ ಊರಿನ ಹೆಸರಿನಿಂದಲೇ ಕಿರಾಣಾ ಘರಾಣೆಯೆಂಬ ಹೆಸರು ಬಂದಿತು. ಬರೋಡೆಯ ಆಸ್ಥಾನವನ್ನು ಬಿಟ್ಟು ಬಂದ ಅವರು ಕೊನೆಗೆ ನೆಲಸಿದ್ದು ನಮ್ಮ ಗಡಿಯ ಮಗ್ಗುಲಲ್ಲಿರುವ ಮೀರಜಿನಲ್ಲಿ. ಕುಂದಗೋಳದ ರಾಮಭಾವು ಅವರಿಗೆ, ಎಂದರೆ ಲೋಕವು ಸವಾಯಿ ಗಂಧರ್ವರೆಂದು ಕರೆದ ಮಹನೀಯರಿಗೆ, ವಿದ್ಯಾದಾನ ಮಾಡಿದವರು ಇವರೇ. ಆ ಶಿಷ್ಯರಿಂದ ಗಂಗೂಬಾಯಿ ಹಾನಗಲ್ಲರಿಗೂ ಭೀಮಸೇನ ಜೋಶಿಯವರಿಗೂ ಆ ವಿದ್ಯೆ ಇಳಿದುಬಂದಿತು. ಮೈಸೂರಿನ ಆಸ್ಥಾನದಲ್ಲಿ ಖಾನ್ ಸಾಹೇಬರು ಹಲವು ಸಲ ಹಾಡಿದರು. ದಕ್ಷಿಣದ ವಿದ್ವಾಂಸರ ಗಾನವನ್ನು ಶ್ರದ್ಧೆಯಿಂದ ಕೇಳಿದರು. ಸ್ವರಗಳ ಹೆಸರನ್ನೇ ಉಚ್ಚರಿಸುತ್ತ ರಾಗವನ್ನು ಬೆಳೆಸುವ ಕ್ರಮವು ಅವರ ಗಾನದಲ್ಲಿ ಅಷ್ಟೊಂದು ಪ್ರಾಧಾನ್ಯ ಪಡೆದುದಕ್ಕೆ ಈ ದಕ್ಷಿಣದ ಸಹವಾಸವೇ ಕಾರಣವೆಂದು ಬಲ್ಲವರು ಹೇಳುತ್ತಾರೆ. ಆದಕಾರಣ ಕನ್ನಡ ನಾಡಿನ ಮನೆಗಳಲ್ಲಿ ಅವರ ತಟ್ಟೆಗಳು ನೆಂಟರ ಧ್ವನಿಯಂತೆ ಇದ್ದುದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ಮನೆಯಲ್ಲಿ ಆ ತಟ್ಟೆಗಳನ್ನು ತಂದು ಕಾಪಾಡಿದವರು ನನ್ನ ದೊಡ್ಡಪ್ಪನವರು. ಕೀಲಿ ಕೊಟ್ಟು ತಿರುಗಿಸುವ ಒಂದು ಪೆಟ್ಟಿಗೆ, ಉಕ್ಕಿನ ಮೊಳೆಗಳ ಒಂದು ಡಬ್ಬಿ, ಮೂವತ್ತು ಮೂವತ್ತೈದು ತಟ್ಟೆಗಳು: ಇಷ್ಟೇ ಅವರ ಭಾಂಡಾರ. ಅವುಗಳಲ್ಲಿ ಖಾನ್ ಸಾಹೇಬರವು ಐದು. ಎಲ್ಲವೂ 1930ರ ದಶಕದ ನಡುಭಾಗದಲ್ಲಿ ಓಡಿಯನ್ ಕಂಪೆನಿಯವರು ಮುದ್ರಿಸಿದವು. ಖಾನ್ ಸಾಹೇಬರು ಅದಕ್ಕೂ ಬಹಳ ಮೊದಲು, 1905ರ ಸುಮಾರಿನಲ್ಲಿಯೇ, ತುತ್ತೂರಿಯ ಮುಂದೆ ಹಾಡಿದ್ದುಂಟು. ಆದರೆ ವಿದ್ಯುತ್ತಿನ ಸಹಾಯದಿಂದ ಮುದ್ರಿಸುವ ಕ್ರಮವು 1925ರಲ್ಲಿ ಪ್ರಾರಂಭವಾದ ಮೇಲೆಯೇ ಅಂತಹ ಸೂಕ್ಷ್ಮಕಂಠಕ್ಕೆ ನ್ಯಾಯ ದೊರೆಯುವುದು ಸಾಧ್ಯವಾಯಿತು.

ಈ ತಟ್ಟೆಗಳ ಪೈಕಿ ಲೋಕಪ್ರಿಯವಾದವು ಎರಡು. ಒಂದು ಝಿಂಝೋಟಿಯ ಠುಮರಿ. ಮತ್ತೊಂದು ಭೈರವಿಯ ಠುಮರಿ. ಝಿಂಝೋಟಿಯ ತಟ್ಟೆಯನ್ನು ಬಾಲಕ ಭೀಮಸೇನರು ಅಂಗಡಿಯೊಂದರ ಮುಂದೆ ನಿಂತು ಕೇಳಿ, ಹಾಗೆ ಹಾಡುವುದನ್ನು ಕಲಿಯಲೇಬೇಕೆಂದು ಗದಗಿನ ಮನೆಯನ್ನು ಬಿಟ್ಟು ಹೊರಟ ವೃತ್ತಾಂತವನ್ನು ಅರಿಯದವರಾರು? ಆ ತಟ್ಟೆಯ ಗುಣವು ಹೆಚ್ಚಿನ ಅಲಂಕಾರದಲ್ಲಿಲ್ಲ. ತಂಬೂರಿಯ ನಾದದಿಂದ ಧ್ವನಿಯು ಎಲ್ಲಿ ಬೇರೆಯಾಯಿತು, ಮತ್ತೆ ಎಲ್ಲಿ ಅದರಲ್ಲಿ ಕೂಡಿತು ಎಂಬುದೇ ತಿಳಿಯದಂತೆ ಒಂದೊಂದು ಸ್ವರವನ್ನೂ ಅವರು ತೆಗೆಯುತ್ತಾರೆ. ವಿರಹವನ್ನು ಹೇಳುವ ಹಾಡಾದರೂ ಅಳುವ ಧ್ವನಿಯಿಲ್ಲ; ಸ್ವರವು ಶುದ್ಧವಾಗಿರುವುದರಿಂದಲೇ ಕರುಣವು ಒಸರುತ್ತದೆ. ಭೈರವಿಯಲ್ಲಿ ಈ ಗುಣವು ಇನ್ನೂ ಮಿಗಿಲಾಗಿದೆ. ಇವೆರಡನ್ನೂ ನಾನು ಇಂದಿಗೂ ಮೆಚ್ಚುತ್ತೇನೆ. ಆದರೆ ಒಂದು ಮಾತನ್ನು ಹೇಳಲೇಬೇಕು. ಝಿಂಝೋಟಿಯನ್ನು ನಾವು ಈಗ ಕೇಳುವುದು ನಮ್ಮ ಕಿವಿಯಿಂದ ಅರ್ಧ, ಗದಗಿನ ಆ ಹುಡುಗನ ಕಿವಿಯಿಂದ ಅರ್ಧ. ಕಥೆಯು ತಟ್ಟೆಗೆ ಪ್ರಭಾವಳಿ ಕಟ್ಟಿದೆ. ಪ್ರಭಾವಳಿಯಿಲ್ಲದ ವಿಗ್ರಹವನ್ನು ನೋಡುವ ಅಭ್ಯಾಸವು ನಮಗೆ ತಪ್ಪಿಹೋಗಿದೆ.

ಹಾಗೆ ಪ್ರಭಾವಳಿಯಿಲ್ಲದೆ ಉಳಿದ ತಟ್ಟೆಯೆಂದರೆ ಖಾನ್ ಸಾಹೇಬರು ಹಾಡಿದ ತ್ಯಾಗರಾಜರ ತೆಲುಗು ಕೃತಿ, ಖರಹರಪ್ರಿಯ ರಾಗದ ‘ರಾಮ ನೀ ಸಮಾನಮೆವರು’. ಉತ್ತರದ ಸಂಗೀತವನ್ನು ಮೆಚ್ಚುವವರು ಅದನ್ನು ಒಂದು ಕುತೂಹಲದ ವಸ್ತುವೆಂದು ನೋಡಿ ಮುಂದೆ ಹೋಗುತ್ತಾರೆ. ದಕ್ಷಿಣದ ಸಂಗೀತವನ್ನು ಬಲ್ಲವರು ಮುಗುಳ್ನಗೆ ನಗುತ್ತಾರೆ. ಎರಡು ಮನೆಯ ನೆಂಟನು ಎರಡು ಮನೆಯಲ್ಲಿಯೂ ಉಣ್ಣದೆ ಉಪವಾಸ ಬಿದ್ದನೆಂಬಂತಾಗಿದೆ ಅದರ ಗತಿ.

ನಾನು ನಗುವವರ ಗುಂಪಿಗೆ ಸೇರಿದ್ದೆ. 1978ರ ಬೇಸಿಗೆ. ಪಾಠಶಾಲೆಯಲ್ಲಿ ಸಿದ್ಧಾಂತಕೌಮುದಿಯನ್ನು ಓದುತ್ತಿದ್ದ ಕಾಲ. ಎಲ್ಲಿ ಅಪಶಬ್ದವಿದೆಯೆಂದು ಹುಡುಕುವುದೇ ಪಾಂಡಿತ್ಯವೆಂದು ತಿಳಿದಿದ್ದ ವಯಸ್ಸು. ರಜೆಗೆ ಊರಿಗೆ ಬಂದಿದ್ದಾಗ ಒಂದು ಸಂಜೆ ದೊಡ್ಡಪ್ಪನವರು ಈ ತಟ್ಟೆಯನ್ನು ಹಾಕಿದರು. ನಾಲ್ಕಾರು ಮಂದಿ ನೆರೆಯವರೂ ಇದ್ದರು. ತಟ್ಟೆ ಮುಗಿಯುವುದರೊಳಗಾಗಿ ನಾನು ಮೂರು ದೋಷಗಳನ್ನು ಎಣಿಸಿ ಹೇಳಿದೆ. ತೆಲುಗಿನ ಉಚ್ಚಾರವು ಕೆಟ್ಟಿದೆ ಎಂಬುದು ಒಂದು. ಪರಂಪರೆಯ ಸಂಗತಿಗಳು ಕ್ರಮವಾಗಿ ಬರಲಿಲ್ಲ ಎಂಬುದು ಎರಡು. ಗಾಂಧಾರ ನಿಷಾದಗಳಿಗೆ ಇರಬೇಕಾದ ಗಮಕವಿಲ್ಲ, ಇದು ಖರಹರಪ್ರಿಯವಲ್ಲ, ಉತ್ತರದವರ ಕಾಫಿ ಎಂಬುದು ಮೂರು. ನೆರೆಯವರು ತಲೆದೂಗಿದರು. ದೊಡ್ಡಪ್ಪನವರು ಏನೂ ಹೇಳಲಿಲ್ಲ. ತಟ್ಟೆಯನ್ನು ತೆಗೆದು, ಬಟ್ಟೆಯಿಂದ ಒರೆಸಿ, ಕಾಗದದ ಚೀಲದಲ್ಲಿಟ್ಟರು. ಅಂದಿನಿಂದ ನಾನು ಮನೆಯಲ್ಲಿರುವಾಗ ಅದನ್ನು ಅವರು ಹಾಕಿದ್ದನ್ನು ನಾನು ಕಾಣೆ. ನನ್ನ ತರ್ಕಕ್ಕೆ ಉತ್ತರವಿಲ್ಲದೆ ಸುಮ್ಮನಾದರೆಂದು ಆಗ ಹೆಮ್ಮೆಪಟ್ಟೆನು.

ಆ ಮೂರು ದೋಷಗಳನ್ನು ಈಗ ಪುನಃ ವಿಚಾರಿಸುತ್ತೇನೆ.

ಉಚ್ಚಾರದ ಮಾತು ಮೊದಲನೆಯದು. ಖಾನ್ ಸಾಹೇಬರ ತೆಲುಗು ದಾಕ್ಷಿಣಾತ್ಯರ ತೆಲುಗಿನಂತಿಲ್ಲವೆಂಬುದು ನಿಜ. ಆದರೆ ಅದರಿಂದ ರಸಭಂಗವಾಯಿತೆ ಎಂಬುದು ಬೇರೆಯ ಪ್ರಶ್ನೆ. ವ್ಯಾಕರಣವನ್ನು ಓದಿದ್ದ ನಾನು ಅಲಂಕಾರಶಾಸ್ತ್ರವನ್ನು ಆಗ ಇನ್ನೂ ಓದಿರಲಿಲ್ಲ. ಅನಂತರ ಧ್ವನ್ಯಾಲೋಕಕ್ಕೆ ಬಂದಾಗ ಕಂಡುದೇನು? ಧ್ವನಿಯೆಂದರೇನೆಂದು ತೋರಿಸಲು ಆಚಾರ್ಯನು ಮೊದಲು ಎತ್ತಿಕೊಂಡ ಉದಾಹರಣೆಯು ಸಂಸ್ಕೃತ ಶ್ಲೋಕವಲ್ಲ, ಒಂದು ಪ್ರಾಕೃತ ಗಾಥೆ. ಕಾಳಿದಾಸನ ಶಕುಂತಲೆಯು ತನ್ನ ದುಃಖವನ್ನೆಲ್ಲ ಹೇಳಿಕೊಳ್ಳುವುದು ಪ್ರಾಕೃತದಲ್ಲಿ. ರಾಜನ ಸಂಸ್ಕೃತಕ್ಕಿಂತ ಅದು ನಮ್ಮ ಹೃದಯಕ್ಕೆ ಕಡಿಮೆ ಮುಟ್ಟುವುದಿಲ್ಲ. ಶಬ್ದದ ಶುದ್ಧಿಯು ದೊಡ್ಡದೇ. ಆದರೆ ರಸವು ಅದರ ದಾಸಿಯಲ್ಲವೆಂಬ ಮಾತನ್ನು ನಾನು ಪುಸ್ತಕದಲ್ಲಿ ಒಪ್ಪಿ, ಮನೆಯ ಜಗಲಿಯಲ್ಲಿ ಮರೆತಿದ್ದೆ. ಇದೇ ಕೃತಿಯಲ್ಲಿ ತ್ಯಾಗರಾಜರು ಶ್ರೀರಾಮನನ್ನು ಭಕ್ತಿಯೆಂಬ ಪಂಜರದಲ್ಲಿರುವ ಗಿಳಿಗೆ ಹೋಲಿಸಿದ್ದಾರೆ. ಗಿಳಿಯು ಆಡುವುದು ಕಲಿತ ಮಾತನ್ನು. ಅದರ ಮಾತಿನಲ್ಲಿ ನಾವು ಕಾರಕವಿಭಕ್ತಿಗಳನ್ನು ಹುಡುಕುವುದುಂಟೆ?

ಸಂಗತಿಗಳ ಮಾತು ಎರಡನೆಯದು. ಪಲ್ಲವಿಯ ಸಾಲೊಂದನ್ನು ಮೆಟ್ಟಿಲು ಮೆಟ್ಟಿಲಾಗಿ ಬೆಳೆಸಿ ರಾಗದ ಮುಖವನ್ನು ತೋರಿಸುವುದು ಸಂಗತಿಯ ಪ್ರಯೋಜನ. ಖಾನ್ ಸಾಹೇಬರು ಆ ಮೆಟ್ಟಿಲುಗಳನ್ನೇ ಏರದೆ ತಮ್ಮ ಪದ್ಧತಿಯಂತೆ ಆ ಪ್ರಯೋಜನವನ್ನು ಸಾಧಿಸಲು ಹೊರಟಿದ್ದಾರೆ. ತ್ಯಾಗರಾಜರ ಕೃತಿಯ ಪೂರ್ಣ ಶಿಲ್ಪವನ್ನು ಅರಿಯಬೇಕಾದವನು ದಕ್ಷಿಣದ ವಿದ್ವಾಂಸರ ಬಳಿಗೇ ಹೋಗತಕ್ಕದ್ದು. ಈ ತಟ್ಟೆಯು ಅದಕ್ಕೆ ಪ್ರಮಾಣವಾಗಲಾರದು. ಆದರೆ ಖಾನ್ ಸಾಹೇಬರು ಪಾಠ ಒಪ್ಪಿಸುವ ವಿದ್ಯಾರ್ಥಿಯಾಗಿ ಹಾಡಲಿಲ್ಲ. ಮತ್ತೊಬ್ಬರ ಮನೆಯ ದೇವರಿಗೆ ತಮ್ಮ ತೋಟದ ಹೂವನ್ನು ತಂದು ಏರಿಸಿದರು. ಆ ಹೂವು ನಮ್ಮ ತೋಟದ್ದಲ್ಲವೆಂದು ದೂರುವುದು ಸರಿಯಲ್ಲ.

ಮೂರನೆಯ ಆಕ್ಷೇಪವನ್ನು ನಾನು ಪೂರ್ತಿಯಾಗಿ ಹಿಂತೆಗೆದುಕೊಳ್ಳಲಾರೆ. ಖರಹರಪ್ರಿಯವು ಇಪ್ಪತ್ತೆರಡನೆಯ ಮೇಳ. ಅದರ ಸ್ವರಗಳೂ ಉತ್ತರದ ಕಾಫಿಯ ಸ್ವರಗಳೂ ಒಂದೇ. ಭೇದವಿರುವುದು ಸ್ವರದ ನಡೆಯಲ್ಲಿ, ಗಮಕದಲ್ಲಿ. ಗಾಂಧಾರವು ತೂಗದೆ ನಿಂತಾಗ ದಕ್ಷಿಣದ ಕಿವಿಗೆ ಏನೋ ಒಂದು ಕೊರತೆ ತೋರುವುದು ಸಹಜ. ನನಗೆ ಈಗಲೂ ತೋರುತ್ತದೆ. ಆದರೆ ಆ ನಿಲುವಿನಿಂದ ದೊರೆಯುವ ಲಾಭವೊಂದುಂಟು. ನಾವು ದಿನವೂ ಚಲಿಸುತ್ತಿರುವುದನ್ನೇ ಕಂಡ ಸ್ವರವು ಇಲ್ಲಿ ಒಂದು ಕ್ಷಣ ನಿಂತು ನಮ್ಮ ಕಡೆಗೆ ನೋಡುತ್ತದೆ. ದಿನವೂ ಓಡಾಡುವ ಮನೆಯೊಡತಿಯು ಒಂದು ದಿನ ಬಾಗಿಲಿನಲ್ಲಿ ಸುಮ್ಮನೆ ನಿಂತಾಗ ಅವಳ ಮುಖವನ್ನು ಹೊಸದಾಗಿ ಕಂಡಂತೆ. ಝಿಂಝೋಟಿಯಲ್ಲಿ ನಾವು ಯಾವ ಗುಣವನ್ನು ಕೊಂಡಾಡಿದೆವೋ ಅದೇ ಗುಣವು ಇಲ್ಲಿಯೂ ಇದೆ. ಅಲ್ಲಿ ಅದು ಪರಿಚಿತವಾದ ಉಡುಪಿನಲ್ಲಿದ್ದುದರಿಂದ ಗುರುತಿಸಿದೆವು. ಇಲ್ಲಿ ಉಡುಪು ಬೇರೆಯಾದುದರಿಂದ ಗುರುತು ಹಿಡಿಯದೆ ಹೋದೆವು.

ಇಷ್ಟರಿಂದ ಝಿಂಝೋಟಿಗಿಂತ ಈ ತಟ್ಟೆಯು ಶ್ರೇಷ್ಠವೆಂದು ನಾನು ಸಾಧಿಸುತ್ತಿಲ್ಲ. ಕಲಾಪೂರ್ಣತೆಯಲ್ಲಿ ಝಿಂಝೋಟಿಯೇ ಮೇಲು. ಆದರೆ ಅರುವತ್ತನ್ನು ದಾಟಿದ, ದೇಶದಲ್ಲೆಲ್ಲ ಮನ್ನಣೆ ಪಡೆದ ವಿದ್ವಾಂಸನು, ತನಗೆ ಸ್ವಾಭಾವಿಕವಲ್ಲದ ಭಾಷೆಯಲ್ಲಿ, ತನ್ನದಲ್ಲದ ಪದ್ಧತಿಯ ಕೃತಿಯನ್ನು, ನಗುವವರಿರುವರೆಂದು ತಿಳಿದೂ ತಟ್ಟೆಯಲ್ಲಿ ಶಾಶ್ವತವಾಗಿ ಇರಿಸಿದನೆಂಬುದನ್ನು ವಿಮರ್ಶಕನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪೂರ್ಣತೆಯುಳ್ಳ ಕೃತಿಯು ಕರ್ತೃವಿನ ಶಕ್ತಿಯನ್ನು ತೋರಿಸುತ್ತದೆ. ಇಂತಹ ಕೃತಿಯು ಅವನ ಪ್ರೀತಿಯು ಎಲ್ಲಿಯವರೆಗೆ ಚಾಚಿತ್ತೆಂಬುದನ್ನು ತೋರಿಸುತ್ತದೆ. ಎರಡನ್ನೂ ಕೇಳದವನಿಗೆ ಖಾನ್ ಸಾಹೇಬರ ಅರ್ಧವೇ ತಿಳಿದಂತೆ. ಅವರ ಕೊನೆಯ ಯಾತ್ರೆಯೂ ದಕ್ಷಿಣದಲ್ಲಿಯೇ ಆಯಿತು. 1937ರ ಅಕ್ಟೋಬರ್ ತಿಂಗಳಲ್ಲಿ ಪುದುಚೇರಿಗೆ ರೈಲಿನಲ್ಲಿ ಹೋಗುತ್ತಿದ್ದಾಗ ದೇಹಾಲಸ್ಯವಾಗಿ ಸಿಂಗಪೆರುಮಾಳ್ ಕೋಯಿಲ್ ಎಂಬ ನಿಲ್ದಾಣದಲ್ಲಿ ಇಳಿದು, ಪ್ರಾರ್ಥನೆ ಮಾಡಿ, ಅಲ್ಲಿಯೇ ದೇಹವನ್ನು ಬಿಟ್ಟರು. ಸಮಾಧಿಯು ಮೀರಜಿನ ದರ್ಗಾದ ಆವರಣದಲ್ಲಿದೆ.

ದೊಡ್ಡಪ್ಪನವರು 1991ರಲ್ಲಿ ತೀರಿಕೊಂಡರು. ಅವರ ತಟ್ಟೆಗಳು ಬಹುಕಾಲ ಅಟ್ಟದ ಮೇಲಿದ್ದವು. ನಾನು ನಿವೃತ್ತನಾದ ಮೇಲೆ ಅವನ್ನು ಇಳಿಸಿ ಬೆಳಕಿನಲ್ಲಿ ಒಂದೊಂದಾಗಿ ನೋಡಿದೆ. ಉಕ್ಕಿನ ಮೊಳೆಯು ಹೆಚ್ಚಾಗಿ ಓಡಾಡಿದ ತಟ್ಟೆಯ ಗೆರೆಗಳು ಕಪ್ಪು ಹೊಳಪನ್ನು ಕಳೆದುಕೊಂಡು ಬೂದಿಬಣ್ಣಕ್ಕೆ ತಿರುಗುತ್ತವೆ. ಝಿಂಝೋಟಿಯ ತಟ್ಟೆಯು ಸ್ವಲ್ಪ ಬೂದಿಯಾಗಿತ್ತು, ಭೈರವಿಯದೂ ಹಾಗೆಯೇ. ಖರಹರಪ್ರಿಯದ ತಟ್ಟೆಯು ಅಂಚಿನಿಂದ ನಡುವಿನವರೆಗೆ ಪೂರ್ತಿ ಬೂದಿಯಾಗಿತ್ತು. ನಾನಿಲ್ಲದ ದಿನಗಳಲ್ಲಿ ಅವರು ಅದನ್ನು ಎಷ್ಟು ಸಲ ಹಾಕಿದ್ದರೋ! ಈಗ ಆ ತಟ್ಟೆಯಿಂದ ಹಾಡಿಗಿಂತ ಮೊಳೆಯ ಸದ್ದೇ ಹೆಚ್ಚಾಗಿ ಬರುತ್ತದೆ. ನಾನು ಅದನ್ನು ಸ್ಪಷ್ಟವಾಗಿ ಕೇಳಿದ್ದು ಮಗನು ತನ್ನ ದೂರವಾಣಿಯಲ್ಲಿ ಹುಡುಕಿ ಕೇಳಿಸಿದಾಗ. ನನ್ನ ಮೂರು ಆಕ್ಷೇಪಗಳಿಗೆ ಉತ್ತರ ಹೇಳಬಲ್ಲ ಕಿವಿಯು ಮನೆಯಲ್ಲಿಯೇ ಇತ್ತು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಓದುಗರಲ್ಲಿ ಒಂದು ವಿಜ್ಞಾಪನೆ. ನಮ್ಮ ಜಿಲ್ಲೆಯ ಹಳೆಯ ಮನೆಗಳ ಅಟ್ಟಗಳಲ್ಲಿ ಇಂತಹ ತಟ್ಟೆಗಳು ಇನ್ನೂ ಇರಬಹುದು. ಅವನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿರಿ. ಸ್ಪಿರಿಟ್ಟಿನಿಂದ ಒರೆಸಬೇಡಿರಿ, ಅರಗು ಅದರಲ್ಲಿ ಕರಗುತ್ತದೆ. ಹೆಸರುವಾಸಿಯಾದವನ್ನು ಇಟ್ಟುಕೊಂಡು ಉಳಿದವನ್ನು ಗುಜರಿಯವನಿಗೆ ಕೊಡುವ ಮುನ್ನ ಬೆಳಕಿಗೆ ಹಿಡಿದು, ಮನೆಯ ಹಿರಿಯರು ಯಾವುದನ್ನು ಹೆಚ್ಚಾಗಿ ಸವೆಸಿದ್ದಾರೆಂಬುದನ್ನು ನೋಡಿರಿ. ಆ ತಟ್ಟೆಯನ್ನು ಒಮ್ಮೆ ಕೇಳಿ, ಅನಂತರ ಗುಣದೋಷಗಳನ್ನು ಹೇಳಿರಿ.